ಹತ್ತಡಿ ಕೋಣೆಯಲ್ಲಿ ಸ್ಟುಡಿಯೋ: ಮೈಕ್‌ಗಿಂತ ಮೊದಲು ಹಾಸಿಗೆ

ಮೊದಲು ಮೊಟ್ಟೆ ಟ್ರೇ ವಿಚಾರ ಮುಗಿಸಿಬಿಡೋಣ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಅಂತ ಹೊರಟವರಿಗೆ ಯಾರಾದರೂ ಒಬ್ಬರು ಈ ಸಲಹೆ ಕೊಟ್ಟೇ ಇರುತ್ತಾರೆ: ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಒಳಗಿನ ಶಬ್ದ ಹೊರಗೆ ಹೋಗಲ್ಲ, ಹೊರಗಿನದು ಒಳಗೆ ಬರಲ್ಲ. ಎರಡೂ ಸುಳ್ಳು. ಟ್ರೇ ಅಂದರೆ ತೆಳುವಾದ ರದ್ದಿ ಕಾಗದ. ಶಬ್ದ ತಡೆಯಲು ಬೇಕಾದ ತೂಕ ಅದಕ್ಕಿಲ್ಲ. ಹೀರಿಕೊಳ್ಳಲು ಬೇಕಾದ ದಪ್ಪವೂ ಇಲ್ಲ. ಜಿರಳೆಗೆ ಮಾತ್ರ ಒಳ್ಳೆ ಮನೆ, ಬೆಂಕಿ ತಗುಲಿದರೆ ಭಗ್ ಅಂತ ಉರಿಯುತ್ತದೆ. ಥರ್ಮಾಕೋಲ್ ಕೂಡ ಹಾಗೇ. ಅದರೊಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ, ಗಾಳಿ ನುಗ್ಗುವುದಿಲ್ಲ. ಗಾಳಿ ನುಗ್ಗದ ವಸ್ತು ಶಬ್ದ ಹೀರುವುದಿಲ್ಲ.

ಆದರೂ ಈ ಸಲಹೆ ಇನ್ನೂ ಬದುಕಿದೆ. ಯಾಕೆಂದರೆ ಎರಡು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಂಡಿದ್ದಾರೆ. ಪಕ್ಕದ ಮನೆಯ ಕುಕ್ಕರ್ ವಿಷಲ್ ನಿಮ್ಮ ಕೋಣೆಗೆ ಬಾರದಂತೆ ಮಾಡುವುದು ಒಂದು ಕೆಲಸ, ಅದು ತಡೆಯುವುದು. ನಿಮ್ಮದೇ ದನಿ ಗೋಡೆಗೆ ಬಡಿದು ಮತ್ತೆ ಮೈಕ್‌ಗೆ ಬಾರದಂತೆ ಮಾಡುವುದು ಇನ್ನೊಂದು, ಅದು ಹೀರುವುದು. ಸಣ್ಣ ಬಾಡಿಗೆ ಮನೆಯಲ್ಲಿ ಮೊದಲನೆಯದು ಹೆಚ್ಚೂ ಕಡಿಮೆ ಆಗದ ಮಾತು. ಎರಡನೆಯದು ಮನೆಯಲ್ಲಿರುವ ಹಾಸಿಗೆ, ಕಂಬಳಿಯಲ್ಲೇ ಆಗುತ್ತದೆ. ಇಷ್ಟು ಗೊತ್ತಾದರೆ ಅರ್ಧ ದುಡ್ಡು ಉಳಿದ ಹಾಗೆ.

ತಡೆಯುವ ಕೆಲಸ

ಬೆಂಗಳೂರಿನ ಒಂದು ಮನೆ ಇಟ್ಟುಕೊಂಡೇ ಮಾತಾಡೋಣ. ಇಪ್ಪತ್ತು ಮೂವತ್ತರ ಸೈಟು, ಅದರ ಮೇಲೆ ಮೂರು ಮಹಡಿ. ಎರಡನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಗ್ರಿಲ್ ಸಿಗುತ್ತದೆ. ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಗೋಡೆಗೆ ಮೊಳೆ ಹೊಡೆದರೆ ಓನರ್ ಮೇಲೆ ಬರುತ್ತಾರೆ.

ಶಬ್ದ ತಡೆಯುವುದು ತೂಕ. ಗೋಡೆಯ ತೂಕವನ್ನು ಎರಡು ಪಟ್ಟು ಮಾಡಿದರೂ ಸಿಗುವ ಲಾಭ ಸುಮಾರು 6 ಡೆಸಿಬೆಲ್ (ಶಬ್ದದ ಜೋರು ಅಳೆಯುವ ಅಳತೆ). ಅಂದರೆ ನಾಲ್ಕೂವರೆ ಇಂಚಿನ ಗೋಡೆ ಒಡೆದು ಒಂಬತ್ತು ಇಂಚಿನದು ಕಟ್ಟಿಸಿದರೆ 'ಸ್ವಲ್ಪ ಕಮ್ಮಿ ಆಯ್ತಲ್ವಾ' ಅನ್ನುವಷ್ಟೇ ವ್ಯತ್ಯಾಸ. ಅದಕ್ಕೇ ದೊಡ್ಡ ಸ್ಟುಡಿಯೋಗಳು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟುತ್ತವೆ. ಎರಡೂ ಎಲ್ಲೂ ಗಟ್ಟಿಯಾಗಿ ತಾಗದ ಹಾಗೆ ರಬ್ಬರ್ ಮೇಲೆ ಕೂರಿಸುತ್ತವೆ. ನಮ್ಮ ಹತ್ತಡಿ ಕೋಣೆಯಲ್ಲಿ ಹಾಗೆ ಮಾಡಿದರೆ ಉಳಿಯುವುದು ಲಿಫ್ಟಿನಷ್ಟು ಜಾಗ.

ಆದರೆ ಗೋಡೆ ಅಲ್ಲ, ಸಂದಿಯೇ ನಿಜವಾದ ಕಳ್ಳ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದಿ ಇದೆ ಅಂದುಕೊಳ್ಳಿ. ಬಾಗಿಲಿನ ಅಳತೆಯಲ್ಲಿ ಅದು ನೂರರಲ್ಲಿ ಒಂದು ಭಾಗವೂ ಇಲ್ಲ. ಆದರೂ ಆ ಸಂದಿ ಇರುವ ತನಕ ಬಾಗಿಲು ತೇಗದ್ದಾಗಲಿ ಉಕ್ಕಿನದಾಗಲಿ, 20 ಡೆಸಿಬೆಲ್ ಚಿಲ್ಲರೆಗಿಂತ ಜಾಸ್ತಿ ತಡೆಯಲಾರದು. ಸಾವಿರಾರು ರೂಪಾಯಿಯ ಫೋಮ್ ಅಂಟಿಸಿ, ಬಾಗಿಲ ಕೆಳಗಿನ ಸಂದಿ ಹಾಗೇ ಬಿಟ್ಟವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ, ಕೆಳಗೆ ಸಂದಿ ಮುಚ್ಚುವ ಒಂದು ಪಟ್ಟಿ (ಸ್ವೀಪ್), ಸ್ಲೈಡಿಂಗ್ ಕಿಟಕಿಯ ಹಳಿಗೆ ಹೊಸ ಬ್ರಷ್ ಪಟ್ಟಿ. ತಡೆಯುವ ಕೆಲಸಕ್ಕೆ ಬಾಡಿಗೆ ಮನೆಯಲ್ಲಿ ಇಷ್ಟೇ ಖರ್ಚು ಮಾಡಿ, ಮುಂದಕ್ಕೆ ಹೋಗಿ.

ಉಳಿದದ್ದನ್ನು ಗಡಿಯಾರ ನೋಡಿಕೊಂಡೇ ಮಾಡಬೇಕು. ಬೆಳಗ್ಗೆ ಗುಡಿಯ ಮೈಕು, ಆಮೇಲೆ ಕಸದ ಗಾಡಿಯ ಹಾಡು, 'ತರಕಾರೀ' ಅಂತ ಕೂಗುವ ತಳ್ಳುಗಾಡಿಯ ಸ್ಪೀಕರ್, ಎಂಟರಿಂದ ಒಂಬತ್ತರ ತನಕ ಇಡೀ ಬೀದಿಯ ಕುಕ್ಕರ್‌ಗಳು. ಮಧ್ಯಾಹ್ನ ಎರಡರಿಂದ ನಾಲ್ಕು ಸಾಮಾನ್ಯವಾಗಿ ಒಳ್ಳೆ ಹೊತ್ತು. ರಾತ್ರಿ ಹನ್ನೊಂದರ ನಂತರ ನಿಶ್ಶಬ್ದ ಇರುತ್ತದೆ ನಿಜ, ಆದರೆ ಆಗ ಶಬ್ದ ಮಾಡುವವರು ನೀವೊಬ್ಬರೇ ಆಗಿಬಿಡುತ್ತೀರಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ತಾರಸ್ಥಾಯಿಯಲ್ಲಿ ಜೋರಾಗಿ ಹಾಡುವವರ ಪಕ್ಕ ಮೀಟರ್ ಹಿಡಿದರೆ 80 ದಾಟುವುದು ಸಹಜ. ಪಿಸುದನಿಯ ಹಾಡು ರಾತ್ರಿಗೆ, ಮೃದಂಗ ಹಗಲಿಗೆ. ಡ್ರಮ್ ಕಿಟ್ ಬೇಕೇ ಬೇಕು ಅಂದರೆ ಆ ಒಂದು ದಿನ ಹೊರಗಿನ ಸ್ಟುಡಿಯೋ ಬಾಡಿಗೆಗೆ ಹಿಡಿಯಿರಿ, ನೆರೆಹೊರೆ ಚೆನ್ನಾಗಿರುತ್ತದೆ. ಟೆರೇಸಿನ ಶೀಟ್ ರೂಮಿನಲ್ಲಿ ಇರುವವರು ಜೂನ್‌ನಿಂದ ಅಕ್ಟೋಬರ್ ತನಕ ಹವಾಮಾನ ವರದಿಯನ್ನೂ ನೋಡಬೇಕು. ಶೀಟಿನ ಮೇಲೆ ಮಳೆ ಬಿದ್ದರೆ ಅವತ್ತಿನ ರೆಕಾರ್ಡಿಂಗ್ ಮುಗಿದ ಹಾಗೆ.

ಹೀರುವ ಕೆಲಸ

ಕೋಣೆಯ ಶಬ್ದದ ವಿಜ್ಞಾನ ಶುರುವಾಗಿದ್ದೇ ದಿಂಬುಗಳಿಂದ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಉಪನ್ಯಾಸ ಕೋಣೆಯೊಂದಿತ್ತು. ಅಲ್ಲಿ ಒಂದು ಮಾತಾಡಿದರೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಗುಂಯ್ ಅನ್ನುತ್ತಿತ್ತು, ಪಾಠ ಯಾರಿಗೂ ಕೇಳುತ್ತಿರಲಿಲ್ಲ. ಸರಿ ಮಾಡು ಅಂತ ವ್ಯಾಲೆಸ್ ಸಬೀನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರಿಗೆ ಹೇಳಿದರು. ಅವರು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ದಿಂಬುಗಳನ್ನು ಹೊರಿಸಿಕೊಂಡು ಬರುತ್ತಿದ್ದರು. ಆರ್ಗನ್ ಪೈಪ್ ಊದುವುದು, ಶಬ್ದ ಅಡಗಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವುದು, ಬೆಳಗಾಗುವ ಮೊದಲು ದಿಂಬುಗಳನ್ನು ವಾಪಸ್ ಇಡುವುದು. ಆ ಲೆಕ್ಕದಿಂದ ಬಂದ ಸೂತ್ರವನ್ನೇ ಇವತ್ತಿಗೂ ಬಳಸುತ್ತಾರೆ.

ಅದನ್ನು ನಮ್ಮ ಕೋಣೆಗೆ ಹಾಕಿ ನೋಡೋಣ. ಸಣ್ಣ ಕೋಣೆಗೆ ಈ ಲೆಕ್ಕ ಅಂದಾಜು ಮಾತ್ರ, ಆದರೂ ದಾರಿ ತೋರಿಸುತ್ತದೆ. ಖಾಲಿ ಹತ್ತಡಿ ಕೋಣೆ, ಸಿಮೆಂಟ್ ಗಿಲಾವು, ಟೈಲ್ಸ್ ನೆಲ. ಇಲ್ಲಿ ಶಬ್ದ ಅಡಗಲು ಎರಡು ಸೆಕೆಂಡಿನ ಮೇಲೆ ಬೇಕು. ಹಾಡಿನ ರೆಕಾರ್ಡಿಂಗ್‌ಗೆ ನಮಗೆ ಬೇಕಾಗಿರುವುದು ಸುಮಾರು 0.3 ಸೆಕೆಂಡ್. ಅದಕ್ಕೆ ಚೆನ್ನಾಗಿ ಹೀರುವ ಮೇಲ್ಮೈ 15 ಚದರ ಮೀಟರ್ ಬೇಕು. ಒಂದು ಗೋಡೆ ಪೂರ್ತಿ, ಇನ್ನೊಂದರಲ್ಲಿ ಅರ್ಧಕ್ಕಿಂತ ಜಾಸ್ತಿ! ಆನ್‌ಲೈನಿನಲ್ಲಿ ಸಿಗುವ ಹನ್ನೆರಡು ಫೋಮ್ ಚೌಕಗಳು ಯಾಕೆ ಏನೂ ಮಾಡುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ? ಅಡಿ ಅಡಿಯ ಹನ್ನೆರಡು ಚೌಕ ಸೇರಿಸಿದರೆ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆರಡಿ ಐದಡಿಯ ಹತ್ತಿ ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿದರೆ ಅದರ ಎರಡೂವರೆ ಪಟ್ಟು ಜಾಗ ಮುಚ್ಚುತ್ತದೆ, ದಪ್ಪವೂ ಬಹಳ ಜಾಸ್ತಿ.

ದಪ್ಪ ಯಾಕೆ ಮುಖ್ಯ? ಶಬ್ದ ಅಂದರೆ ಗಾಳಿಯ ಅಲುಗಾಟ. ಆ ಅಲುಗಾಟ ನೂಲಿನ ಎಳೆಗಳ ನಡುವೆ ನುಗ್ಗಿ ತಿಕ್ಕಾಡಿದರೆ ಶಕ್ತಿ ಬಿಸಿಯಾಗಿ ಕರಗುತ್ತದೆ. ಆದರೆ ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ, ಗೋಡೆ ಬಿಡಬೇಕಲ್ಲ. ಅಲೆಯ ಉದ್ದದ ಕಾಲು ಭಾಗದಷ್ಟು ಈಚೆಗೆ ಬಂದರೆ ಅಲುಗಾಟ ಅತಿ ಹೆಚ್ಚು. 1000 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಸಾವಿರ ಸಲ ಅಲುಗಾಡುವ ಅಲೆಗೆ ಈ ದೂರ ಎಂಟೂವರೆ ಸೆಂಟಿಮೀಟರ್. 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಹಾಗಾಗಿ ಗೋಡೆಗೆ ಅಂಟಿಸಿದ ಒಂದಿಂಚಿನ ಫೋಮ್ 'ಸ್', 'ಶ್' ನಂಥ ಮೇಲಿನ ಸದ್ದನ್ನು ಮಾತ್ರ ತಿನ್ನುತ್ತದೆ. ಕೆಳಗಿನ ಗುಮ್ ಹಾಗೇ ಉಳಿಯುತ್ತದೆ. ಕಪಾಟಿನೊಳಗೆ ಬಟ್ಟೆಗಳ ಮಧ್ಯೆ ಮುಖ ತೂರಿಸಿ ಹಾಡಿದರೆ ದನಿ ಡಬ್ಬದೊಳಗಿಂದ ಬಂದ ಹಾಗಿರುವುದಕ್ಕೂ ಇದೇ ಕಾರಣ.

ಇದರಿಂದ ಸಿಗುವ ಪುಕ್ಕಟೆ ಉಪಾಯ ಒಂದಿದೆ. ಕಂಬಳಿಯನ್ನು ಗೋಡೆಗೆ ಅಂಟಿಸಿ ಕಟ್ಟಬೇಡಿ, ಒಂದಡಿ ಈಚೆಗೆ ತೂಗುಹಾಕಿ. ಬಟ್ಟೆ ಒಣಹಾಕುವ ಸ್ಟ್ಯಾಂಡೇ ಸಾಕು, ಮೊಳೆ ಬೇಡ. ಚಳ್ಳಕೆರೆ ಕಡೆಯ ಒರಟು ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಎರಡು ಮಡಿಕೆ ಮಾಡಿ, ಸುಕ್ಕು ಸುಕ್ಕಾಗಿ ಬಿಡಿ. ಬಟ್ಟೆ ಸರಿಯಾದದ್ದೋ ಅಲ್ಲವೋ ನೋಡಲು ಬಾಯಿಟ್ಟು ಊದಿ. ಉಸಿರು ಸ್ವಲ್ಪ ತಡೆದು ಆಚೆ ಹೋದರೆ ಕೆಲಸಕ್ಕೆ ಬರುತ್ತದೆ. ಪ್ಲಾಸ್ಟಿಕ್ ಕೋಟಿಂಗ್ ಇರುವ ಕರ್ಟನ್ ಬರುವುದಿಲ್ಲ. ಸ್ವಂತ ಮನೆಯಾಗಿದ್ದು ಖರ್ಚು ಮಾಡುವ ಮನಸ್ಸಿದ್ದರೆ ರಾಕ್‌ವೂಲ್ ಹಲಗೆ ತಂದು, ನಾಲ್ಕಿಂಚು ದಪ್ಪಕ್ಕೆ ಮರದ ಫ್ರೇಮಿನಲ್ಲಿ ಕೂರಿಸಿ, ಹತ್ತಿ ಬಟ್ಟೆ ಹೊದಿಸಿ. ಕೆಲಸ ಮಾಡುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಆ ನಾರು ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಕೆ.

ಮಂದ್ರದ ಗುಮ್

ಹತ್ತಡಿಯ ಚೌಕ ಕೋಣೆಯ ಅಸಲಿ ಕಾಟ ಇಲ್ಲಿದೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸರಿಯಾಗಿ ಹೊಂದಿಕೂತು ಉಬ್ಬುತ್ತವೆ. ತೂಗುಯ್ಯಾಲೆಗೆ ಸರಿಯಾದ ಹೊತ್ತಿಗೆ ಸಣ್ಣಗೆ ತಳ್ಳುತ್ತಾ ಇದ್ದರೆ ಮೇಲೆ ಮೇಲೆ ಹೋಗುತ್ತಲ್ಲ, ಹಾಗೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಹತ್ತಡಿಗೆ ಈ ಸ್ವರಗಳು 57, 113, 170 ಹರ್ಟ್ಸ್, ಹೀಗೆ ಮುಂದೆ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಉಬ್ಬುಗಳೂ ಹಂಚಿಹೋಗುತ್ತವೆ. ಮೂರೂ ಹತ್ತಡಿ ಆದಾಗ ಒಂದರ ಮೇಲೊಂದು ಕೂತು ಮೂರು ಪಟ್ಟು ಹಿಂಸೆ.

ಹಾಡುವವರಿಗೆ ಇದರ ಅರ್ಥ ಏನು? ಗಂಡು ದನಿ, ಸಿ ಶ್ರುತಿ ಅಂದುಕೊಳ್ಳಿ. ಮಧ್ಯ ಷಡ್ಜ 131 ಹರ್ಟ್ಸ್ ಹತ್ತಿರ. ಹಾಗಾದರೆ 113 ಬರುವುದು ಮಂದ್ರದ ಚತುಶ್ರುತಿ ಧೈವತಕ್ಕೂ ಕೈಶಿಕಿ ನಿಷಾದಕ್ಕೂ ಮಧ್ಯೆ. ಷಡ್ಜದಿಂದ ಕೆಳಗಿಳಿಯುವಾಗ ಆ ಎರಡು ಸ್ವರ ಮಾತ್ರ ಇದ್ದಕ್ಕಿದ್ದಂತೆ ದಪ್ಪ ಆಗುತ್ತವೆ. ಹಾಡಿದವರು ತಮ್ಮ ದನಿಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ದನಿ ಸರಿಯಾಗೇ ಇದೆ, ಕೋಣೆ ಜೊತೆಗೆ ಹಾಡುತ್ತಿದೆ.

ಈ ಉಬ್ಬು ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ಮೂಲೆಯಲ್ಲಿ ಎಲ್ಲವೂ ಜಾಸ್ತಿ. 113ರದ್ದು ಕೋಣೆಯ ನಟ್ಟ ನಡುವೆಯೂ ಜಾಸ್ತಿ. ಗೋಡೆಯಿಂದ ಕಾಲು ಭಾಗ ದೂರದಲ್ಲಿ, ಅಂದರೆ ಎರಡೂವರೆ ಅಡಿಯಲ್ಲಿ, ಅದು ಹೆಚ್ಚುಕಮ್ಮಿ ಮಾಯ. ಈಗ ಎತ್ತರದ ಲೆಕ್ಕ ನೋಡಿ. ನಿಂತು ಹಾಡುವವರ ಬಾಯಿ ಐದಡಿ ಎತ್ತರದಲ್ಲಿರುತ್ತದೆ, ಹತ್ತಡಿಯ ನಟ್ಟ ನಡುವೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತರೆ ಬಾಯಿ ಬರುವುದು ಎರಡೂವರೆ ಅಡಿಯ ಆಸುಪಾಸಿಗೆ. ನಮ್ಮ ಕಛೇರಿ ಪದ್ಧತಿಯ ಹಾಗೆ ಕೂತು ಹಾಡಿದರೆ ಎತ್ತರದಿಂದ ಬರುವ ಗುಮ್ ತಾನಾಗಿಯೇ ತಗ್ಗುತ್ತದೆ! ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಟೈಲ್ಸ್ ಮೇಲೆ ಜಮಖಾನೆ, ಅದರ ಕೆಳಗೆ ತೆಳು ಹಾಸಿಗೆ ಇರಲಿ, ಇಲ್ಲದಿದ್ದರೆ ನೆಲದಿಂದ ಪುಟಿದ ದನಿ ಮೈಕ್ ಸೇರುತ್ತದೆ. ಮೂಲೆಗಳಲ್ಲಿ ಹೆಚ್ಚುವರಿ ಹಾಸಿಗೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿ, ಕೆಳ ಸದ್ದಿಗೆ ಅಲ್ಲಿ ಮಾತ್ರ ಸ್ವಲ್ಪ ಮೂಗುದಾರ ಹಾಕಬಹುದು.

ಮೈಕ್ ಎತ್ತ ನೋಡಬೇಕು

ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕ್ ಮುಂದಿನದನ್ನು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದಕ್ಕೆ ಕಿವುಡು. ಅದರ ಮುಂದೆ ಇರುವುದು ನೀವು ಮತ್ತು ನಿಮ್ಮ ಹಿಂದಿನ ಗೋಡೆ. ಹಾಗಾಗಿ ಕಂಬಳಿ ಇರಬೇಕಾದ್ದು ಹಾಡುವವರ ಬೆನ್ನ ಹಿಂದೆ. ಮೈಕ್‌ನ ಹಿಂದೆ ಅರ್ಧಚಂದ್ರದಂಥ ಫೋಮ್ ಗುರಾಣಿ ಇಟ್ಟು, ಬೆನ್ನ ಹಿಂದೆ ಬೋಳು ಗೋಡೆ ಬಿಡುವವರೇ ಜಾಸ್ತಿ. ಇದು ತಲೆಕೆಳಗು. ಇನ್ನು ಕಿಟಕಿ, ಫ್ರಿಜ್, ಲ್ಯಾಪ್‌ಟಾಪ್ ಫ್ಯಾನ್ ಮೈಕ್‌ನ ಬೆನ್ನ ಕಡೆ ಬರಲಿ.

ದೂರ ಅರ್ಧ ಮಾಡಿದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಸಣ್ಣ ಕೋಣೆಯಲ್ಲಿ ಒಂದು ಗೇಣು ದೂರ ಸರಿಯಾದ ಜಾಗ. ಅದಕ್ಕಿಂತ ಹತ್ತಿರ ಬಂದರೆ ಕೆಳಸ್ವರ ಕೃತಕವಾಗಿ ಉಬ್ಬುತ್ತದೆ. 'ಡೈನಮಿಕ್ ಮೈಕ್ ಕೋಣೆಯ ಸದ್ದು ಎಳೆಯಲ್ಲ' ಅಂತಾರಲ್ಲ, ಅದರ ಗುಟ್ಟೂ ಇದೇ. ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವ ಆ ಜಾತಿಯ ಮೈಕನ್ನು ತುಟಿಗೆ ತಾಗಿಸಿ ಹಾಡುತ್ತೇವೆ, ಅಷ್ಟೇ. ಕಂಡೆನ್ಸರ್ ಮೈಕ್ ಸೂಕ್ಷ್ಮವಾದದ್ದು, ವೀಣೆ, ಕೊಳಲಿಗೆ ಅದೇ ಚೆನ್ನ. ಆದರೆ ಕೋಣೆ ಸರಿ ಮಾಡದೆ ಕಂಡೆನ್ಸರ್ ತಂದರೆ ಕೋಣೆಯ ಹುಳುಕೂ ಅಷ್ಟೇ ಸೂಕ್ಷ್ಮವಾಗಿ ಕೇಳುತ್ತದೆ. 1966ರಿಂದ ಮಾರುಕಟ್ಟೆಯಲ್ಲಿರುವ ಶೂರ್ ಎಸ್‌ಎಂ58ನಂಥ ಡೈನಮಿಕ್ ಮೈಕ್‌ನಿಂದ ಶುರು ಮಾಡಿ. ಅದರ ನಕಲಿಗಳು ಬಹಳ ಇವೆ, ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಕನ್ನಡಕ್ಕೆ ಒಂದು ವಿಶೇಷ ಎಚ್ಚರ ಬೇಕು, ಮಹಾಪ್ರಾಣ. ಭ, ಫ, ಧ ಬಂದಾಗಲೆಲ್ಲ ಉಸಿರು ಬುಸ್ ಅಂತ ಮೈಕ್‌ಗೆ ಬಡಿಯುತ್ತದೆ. ದೇವರನಾಮ ಹಾಡುವವರಿಗೆ ಇದರಿಂದ ಬಿಡುಗಡೆ ಇಲ್ಲ, 'ಭಕ್ತಿ' ಬರಲೇಬೇಕಲ್ಲ! ಕಸೂತಿ ರಿಂಗಿಗೆ ತೆಳು ಸ್ಟಾಕಿಂಗ್ ಬಿಗಿದರೆ ಮೈಕ್ ಮುಂದೆ ಉಸಿರು ತಡೆಯುವ ಪಾಪ್ ಫಿಲ್ಟರ್ ಸಿದ್ಧ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಕೆನ್ನೆಯ ಕಡೆಯಿಂದ ಬಾಯಿಯತ್ತ ತಿರುಗಿಸಿದರೆ ಶ, ಷ, ಸ ಗಳ ಚುಚ್ಚೂ ಕಮ್ಮಿ.

ತಂತಿ, ಕರೆಂಟು, ತಡ

ಮೈಕ್‌ನಿಂದ ಕಂಪ್ಯೂಟರಿಗೆ ಹೋಗಲು ಎರಡು ಇನ್‌ಪುಟ್ಟಿನ ಯಾವುದಾದರೂ ಒಳ್ಳೆ ಇಂಟರ್‌ಫೇಸ್ ಪೆಟ್ಟಿಗೆ ಸಾಕು. ಎಂಟು ಇನ್‌ಪುಟ್ ಇರುವುದು ಬೇಡ, ಆ ಕೋಣೆಯಲ್ಲಿ ಅಷ್ಟು ಜನ ಹಿಡಿಸುವುದೂ ಇಲ್ಲ. ಸಾಫ್ಟ್‌ವೇರ್ ಬಗ್ಗೆ ಜಗಳ ಬೇಡ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ, ವಿಂಡೋಸ್‌ನಲ್ಲಿ ರೀಪರ್ 60 ದಿನ ಬಳಸಿ ನೋಡಬಹುದು.

ಹಾಡುವಾಗ ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಕೇಳುತ್ತಿದೆಯೇ? ಕಂಪ್ಯೂಟರ್ ದನಿಯನ್ನು ಗುಂಪು ಗುಂಪಾಗಿ ತೆಗೆದುಕೊಳ್ಳುತ್ತದೆ. ಗುಂಪು 1024 ಸ್ಯಾಂಪಲ್ (ದನಿಯ ಸಣ್ಣ ತುಣುಕು) ಇದ್ದರೆ ಸೆಕೆಂಡಿಗೆ 44,100ರ ವೇಗದಲ್ಲಿ ಅದೊಂದೇ 23 ಮಿಲಿಸೆಕೆಂಡ್ ತಿನ್ನುತ್ತದೆ, ಒಳಗೆ ಹೊರಗೆ ಸೇರಿ ಇನ್ನೂ ಜಾಸ್ತಿ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡ್ ಸನಿಹ. ಹಳೇ ಲ್ಯಾಪ್‌ಟಾಪ್ ಅಷ್ಟಕ್ಕೆ ಏದುಸಿರು ಬಿಟ್ಟರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿ. ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುತ್ತದೆ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ. ಜೋರು ಜಾಗದಲ್ಲೂ ಮೀಟರ್ ಮೈನಸ್ 10ರ ಹತ್ತಿರ ನಿಂತರೆ ಸಾಕು, ಕೆಂಪು ದೀಪದ ತನಕ ಏರಿಸುವ ಅಗತ್ಯವೇ ಇಲ್ಲ.

ಜುಂಯ್ ಅನ್ನುವ ಸದ್ದು ಬಂದರೆ ಮೊದಲು ಕರೆಂಟನ್ನೇ ಅನುಮಾನಿಸಿ. ನಮ್ಮ ಕರೆಂಟು 50 ಹರ್ಟ್ಸ್, ಅದರ ಜುಂಯ್ 50, 100, 150ರಲ್ಲಿ ಕೂತಿರುತ್ತದೆ. ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುತ್ತದಾ? ಮನೆಯ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಮೂರನೇ ಪಿನ್ ಕತ್ತರಿಸಿ ಜುಂಯ್ ನಿಲ್ಲಿಸುವ ಉಪಾಯ ಯಾರು ಹೇಳಿದರೂ ಕೇಳಬೇಡಿ, ಪ್ರಾಣಕ್ಕೆ ಅಪಾಯ. ಎಲ್ಲ ಯಂತ್ರಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಚೌಕ ಅಲೆಯ ಹಳೇ ಯುಪಿಎಸ್ ಮೇಲೆ ನಡೆಯುವಾಗ ರೆಕಾರ್ಡ್ ಮಾಡಬೇಡಿ. ವೀಣೆಗೆ ಪಿಕಪ್ ಹಾಕಿದ್ದರೆ ಮೊಬೈಲ್ ಆಚೆ ಕೋಣೆಯಲ್ಲಿರಲಿ.

ಶ್ರುತಿ ಪೆಟ್ಟಿಗೆ ಎಲ್ಲಿಡಬೇಕು

ಕೋಣೆಯಲ್ಲಿ ಖಂಡಿತ ಬೇಡ. ಎಲೆಕ್ಟ್ರಾನಿಕ್ ತಂಬೂರಿ ಪಕ್ಕದಲ್ಲಿ ನುಡಿಯುತ್ತಿದ್ದರೆ ಅದು ನಿಮ್ಮ ದನಿಯ ಟ್ರ್ಯಾಕಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ಸಾಲು ಕತ್ತರಿಸಿ ಇನ್ನೊಂದು ಕಡೆಯದು ಸೇರಿಸಿದರೆ ತಂಬೂರಿಯೂ ಕತ್ತರಿಸಿದ್ದು ಕೇಳುತ್ತದೆ. ಮೊದಲು ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ, ಅದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿ. ಸೂಕ್ಷ್ಮ ಶ್ರುತಿಯ ಗುಂಡಿ ಎಲ್ಲಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವಾರ ಪಿಟೀಲಿನವರು ಬಂದಾಗ ಅದೇ ಬೇಕು.

ಸ್ವರ ತಿದ್ದುವ ಸಾಫ್ಟ್‌ವೇರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪ್ರತಿ ದನಿಯನ್ನೂ ಹನ್ನೆರಡು ಮೆಟ್ಟಿಲಲ್ಲಿ ಹತ್ತಿರದ ಒಂದಕ್ಕೆ ಎಳೆಯುತ್ತದೆ. ತೋಡಿಯ ಗಾಂಧಾರ ಮೆಟ್ಟಿಲ ಮೇಲೆ ನಿಲ್ಲುವುದೇ ಇಲ್ಲ, ಆ ಓಲಾಟವೇ ರಾಗ. ಗಮಕವನ್ನು ತಪ್ಪು ಅಂದುಕೊಂಡು ಇಸ್ತ್ರಿ ಮಾಡಿದ ಹಾಡು ಎಷ್ಟೋ ಬರುತ್ತಿವೆ, ಕೇಳಲಾಗದು. ತಿದ್ದಲೇಬೇಕಿದ್ದರೆ ನಿಂತ ಸ್ವರವನ್ನು ಮಾತ್ರ ಕೈಯಾರೆ ತಿದ್ದಿ.

ಕೇಳುವುದು ಹೇಗೆ

ಎಂಟಿಂಚಿನ ಸ್ಪೀಕರ್ ಬೇಡ. ಹತ್ತಡಿ ಚೌಕದಲ್ಲಿ ಅದು ಹೇಳುವ ಕೆಳಸ್ವರವೆಲ್ಲ ಕೋಣೆಯ ಸುಳ್ಳು. ಮೊದಲು ಹೆಡ್‌ಫೋನ್. ಹಾಡುವಾಗ ಕಿವಿ ಪೂರ್ತಿ ಮುಚ್ಚುವ ಜಾತಿಯದು ಬೇಕು, ಇಲ್ಲದಿದ್ದರೆ ತಾಳದ ಟಿಕ್ ಟಿಕ್ ಮೈಕ್‌ಗೆ ಸೋರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ಕೂತು ಮಿಕ್ಸ್ ಮಾಡಲು, ಅಂದರೆ ಟ್ರ್ಯಾಕುಗಳನ್ನು ಹದವಾಗಿ ಬೆರೆಸಲು, ಬೆನ್ನು ತೆರೆದ ಜಾತಿಯದು ಹಿತ. ಗಾಯಕಿ ಬಿಲ್ಲಿ ಐಲಿಶ್ ಮತ್ತು ಅಣ್ಣ ಫಿನಿಯಸ್ 2020ರಲ್ಲಿ ಗ್ರ್ಯಾಮಿ ಗೆದ್ದ ಆಲ್ಬಮ್ಮನ್ನು ಲಾಸ್ ಏಂಜಲೀಸ್‌ನ ಮನೆಯ ಸಣ್ಣ ಬೆಡ್‌ರೂಮಿನಲ್ಲೇ ಮಾಡಿದ್ದು ಎಲ್ಲರೂ ಉದಾಹರಿಸುವ ಕಥೆ. ಆದರೆ ಆ ಹಾಡುಗಳಲ್ಲಿ ದನಿ ಮೈಕ್‌ಗೆ ಎಷ್ಟು ಹತ್ತಿರ, ಎಷ್ಟು ಮೆಲ್ಲಗೆ ಇದೆ ಅಂತ ಗಮನಿಸಿ. ಕೋಣೆಗೆ ಒಗ್ಗುವ ಹಾಡುಗಾರಿಕೆ ಅದು. ಬಯಲಾಟದ ಭಾಗವತಿಕೆಯನ್ನು ಅದೇ ಕೋಣೆಯಲ್ಲಿ ಹಿಡಿಯಲು ಹೋದರೆ ಫಲಿತಾಂಶ ಬೇರೆಯೇ.

ಮುಗಿದ ಹಾಡನ್ನು ಮೊಬೈಲ್ ಸ್ಪೀಕರಿನಲ್ಲಿ, ಕಾರಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಒಮ್ಮೆ ಕೇಳಿ. ಮೊಬೈಲಿನಲ್ಲಿ ಸಾಹಿತ್ಯ ಸ್ಪಷ್ಟ ಇಲ್ಲದಿದ್ದರೆ ಮಿಕ್ಸ್ ಇನ್ನೂ ಆಗಿಲ್ಲ ಅಂತ ಲೆಕ್ಕ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕಂಬಳಿ ಇಳಿಬಿಟ್ಟು ಹಾಡಿದರೆ ಏಪ್ರಿಲ್‌ನಲ್ಲಿ ಅರ್ಧ ಗಂಟೆಗೆ ಬೆವರಿ ನೀರಾಗುತ್ತೀರಿ. ಎರಡು ಟೇಕಿಗೊಮ್ಮೆ ಬಾಗಿಲು ತೆರೆಯಿರಿ, ಉಸಿರು ಬಿಗಿಯಾದಾಗ ಶ್ರುತಿಯೂ ಜಾರುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಸೆಖೆಗಿಂತ ತೇವದ ಚಿಂತೆ ದೊಡ್ಡದು. ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಪಟಪಟ ಅನ್ನಲು ಶುರು ಮಾಡಿದರೆ ಕೆಟ್ಟಿದೆ ಅಂತ ಗಾಬರಿ ಬೇಡ, ಒಳಗೆ ತೇವ ಕೂತಿರಬಹುದು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದೆರಡು ದಿನ ಇಟ್ಟು, ಆಮೇಲೆ ಹಾಕಿ ನೋಡಿ. ಬಳಸದ ದಿನಗಳಲ್ಲೂ ಅದರ ಜಾಗ ಆ ಡಬ್ಬದಲ್ಲೇ ಇರಲಿ.